ಮ್ಯಾಚ್ ಮುಗಿದ ಮೇಲಿನ ಹದಿನೈದು ನಿಮಿಷ: ಬಳ್ಳಾರಿ, ರಾಯಚೂರು, ಕೊಪ್ಪಳದ ಗ್ಯಾಂಗುಗಳಿಗೆ ಡಿಸ್ಕಾರ್ಡ್ ಹೇಗಿದೆ?

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಫೋನಿನ ಗುಂಡಾಟ) ಆಡುವ ನಾಲ್ವರ ಗ್ಯಾಂಗಿನಲ್ಲಿ ಮ್ಯಾಚ್ ನಡೆಯುವಾಗ ಮಾತು ಕಮ್ಮಿ. "ಎಡಕ್ಕ ಕಾಂಪೌಂಡ್‌ನಾಗ ಇಬ್ರು ಅದಾರ", "ಸ್ಮೋಕ್ ಒಗಿ", "ಝೋನ್ ಬಂತು, ನಡಿ ನಡಿ". ಅಷ್ಟೇ. ಅಸಲಿ ಮಾತು ಶುರುವಾಗುವುದು ಎಲ್ಲರೂ ಆಟದಲ್ಲಿ ಸತ್ತು ಲಾಬಿಗೆ, ಅಂದರೆ ಮುಂದಿನ ಮ್ಯಾಚಿಗೆ ಕಾಯುವ ಪರದೆಗೆ, ಬಂದ ಮೇಲೆ.

"ಲೇ ಮಾಮ, ಪಿನ್ ತೆಗೆದ ಮ್ಯಾಲೆ ಗ್ರೆನೇಡ್ ಒಗೀಬೇಕಲೇ. ಕೈಯಾಗ ಇಟ್ಕೊಂಡು ಕಾವು ಕೊಟ್ರ ಮರಿ ಬರ್ತೈತೇನು?"

"ನೀ ರಿವೈವ್ ಮಾಡ್ತಿ ಅಂತ ನಂಬಿದ್ನಲೇ ಅಳಿಯಾ. ನೀ ನೋಡಿದ್ರ ಡ್ರಾಪ್ ಕಡೆ ಓಡಿದಿ."

ಈ ಹದಿನೈದು ನಿಮಿಷಕ್ಕಾಗಿಯೇ ಹುಡುಗರು ದಿನಾ ಆಟಕ್ಕೆ ಬರುತ್ತಾರೆ. ಆದ್ದರಿಂದ ಗೇಮಿಂಗ್ ಗ್ಯಾಂಗಿಗೆ ಯಾವ ಆ್ಯಪ್ ಒಳ್ಳೆಯದು ಎಂದು ಅಳೆಯಬೇಕಾದದ್ದೂ ಈ ಹರಟೆಯಲ್ಲೇ. ಗುಂಪಾಗಿ ಮಾತಾಡಲು, ಮೆಸೇಜ್ ಮಾಡಲು ಇರುವ ಡಿಸ್ಕಾರ್ಡ್ ಆ್ಯಪಿಗೆ ಆ ಅಳತೆಯಲ್ಲಿ ಧ್ವನಿಗೆ ಪೂರ್ತಿ ಅಂಕ, ಬರಹದ ಕಾವಲಿಗೆ (ಮೆಸೇಜಿನ ಬೈಗುಳ ತಡೆಯುವುದಕ್ಕೆ) ಅರ್ಧ ಅಂಕ.

ಆಟದೊಳಗಿನ ಟೀಮ್ ವಾಯ್ಸ್ ಸಾಲದೇ ಎಂದರೆ, ಸಾಲದು. ಟೀಮ್ ಬಿಟ್ಟ ಕ್ಷಣ ಮಾತು ತುಂಡಾಗುತ್ತದೆ. ಸ್ಕ್ವಾಡ್‌ನಲ್ಲಿ ನಾಲ್ವರಿಗಷ್ಟೇ ಜಾಗ, ಐದನೆಯವನು ಸುಮ್ಮನೆ ಕೂತು ಕೇಳುತ್ತೇನೆ ಎಂದರೂ ಆಗುವುದಿಲ್ಲ. ವಾಟ್ಸಾಪ್ ಗ್ರೂಪ್ ಕಾಲ್ ಮಾಡಿದರೆ ರಾತ್ರಿ ಹನ್ನೊಂದಕ್ಕೆ ಒಬ್ಬೊಬ್ಬರ ಮನೆಯಲ್ಲೂ ಫೋನ್ ರಿಂಗಾಗುತ್ತದೆ. ಡಿಸ್ಕಾರ್ಡಿನ ವಾಯ್ಸ್ ಚಾನೆಲ್ ಊರ ಅಗಸಿ ಕಟ್ಟೆ ಇದ್ದ ಹಾಗೆ: ಯಾರೂ ಯಾರನ್ನೂ ಕರೆಯುವುದಿಲ್ಲ, ಬಂದವರು ಕೂರುತ್ತಾರೆ, ಎದ್ದವರು ಹೋಗುತ್ತಾರೆ, ಕಟ್ಟೆ ಅಲ್ಲೇ ಇರುತ್ತದೆ. ಇನ್ನೊಂದು ಮಾತು. ಪಬ್‌ಜಿ ಮೊಬೈಲ್ ಆಟ ಭಾರತದಲ್ಲಿ 2020ರ ಸೆಪ್ಟೆಂಬರ್ 2ರಂದು ನಿಷೇಧವಾಯಿತು. 2021ರ ಜುಲೈನಲ್ಲಿ ಅದರ ಜಾಗಕ್ಕೆ ಬಿಜಿಎಂಐ ಬಂತು, 2022ರ ಜುಲೈ 28ರಂದು ಪ್ಲೇ ಸ್ಟೋರಿನಿಂದ ಮಾಯವಾಯಿತು, 2023ರ ಮೇನಲ್ಲಿ ಮತ್ತೆ ಬಂತು. ಆಟದ ಫ್ರೆಂಡ್ ಲಿಸ್ಟನ್ನೇ ನಂಬಿದ ಗ್ಯಾಂಗು ಇಂಥ ಹೊತ್ತಿನಲ್ಲಿ ಚದುರಿಹೋಗುತ್ತದೆ. ಆಟದ ಹೊರಗೆ ಕಟ್ಟೆ ಇದ್ದವರು ಆಟ ಬದಲಾದರೂ ಅಲ್ಲೇ ಸೇರುತ್ತಾರೆ.

ಈಗ ಧ್ವನಿಯ ವಿಷಯ. ಕಾಲೆಳೆಯುವುದೆಂದರೆ ಟೈಮಿಂಗ್. ಮಾತು ಅರ್ಧ ಸೆಕೆಂಡ್ ತಡವಾಗಿ ಬಂದರೆ ನಗು ಸತ್ತುಹೋಗುತ್ತದೆ, ಇಬ್ಬರೂ ಒಟ್ಟಿಗೇ ಮಾತಾಡಿ, ಇಬ್ಬರೂ ನಿಂತು, "ಹೇಳು", "ಇಲ್ಲ, ನೀ ಹೇಳು" ಆಗುತ್ತದೆ. ಫೋನ್ ಮಾತಿಗೆ ಒಂದು ಕಡೆಯ ತಡ 150 ಮಿಲಿಸೆಕೆಂಡಿನ ಒಳಗಿರಬೇಕು ಎಂದು ಐಟಿಯು (ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ) ಹೇಳುವುದೂ ಇದಕ್ಕೇ. ಚಾನೆಲ್ಲಿನ ಸೆಟ್ಟಿಂಗ್ಸ್‌ನಲ್ಲಿ ರೀಜನ್ ಓವರ್‌ರೈಡ್ ಅಂತ ಇದೆ, ಮಾತು ಯಾವ ಪ್ರದೇಶದ ಕಂಪ್ಯೂಟರ್ ಮೂಲಕ ಹಾಯಬೇಕು ಎಂದು ಆರಿಸಲು. ಅದು 'ಆಟೊಮ್ಯಾಟಿಕ್' ಇದ್ದರೆ ಸಾಮಾನ್ಯವಾಗಿ ಸರಿ ಇರುತ್ತದೆ, ಆದರೆ ಒಬ್ಬ ಗೆಳೆಯ ದುಬೈನಿಂದ ಮೊದಲು ಸೇರಿದಾಗ ಪಿಂಗ್ (ಡೇಟಾ ಹೋಗಿಬರಲು ಹಿಡಿಯುವ ಹೊತ್ತು) ಏರಿದರೆ ಕೈಯಾರೆ 'ಇಂಡಿಯಾ' ಹಾಕಿ. ಕಂಪ್ಯೂಟರಿನಲ್ಲಿ 'ವಾಯ್ಸ್ ಕನೆಕ್ಟೆಡ್' ಎಂಬ ಹಸಿರು ಅಕ್ಷರ ಒತ್ತಿದರೆ ಪಿಂಗ್ ಎಷ್ಟಿದೆ ಎಂದು ತೋರಿಸುತ್ತದೆ. 'ಆರ್‌ಟಿಸಿ ಕನೆಕ್ಟಿಂಗ್' ಎಂದು ಅಲ್ಲೇ ನಿಂತರೆ ಆ್ಯಪ್ ಬೈಯಬೇಡಿ, ಬಹಳ ಸಲ ಅದು ಹಾಸ್ಟೆಲ್ ಅಥವಾ ಆಫೀಸಿನ ವೈಫೈ, ಧ್ವನಿ ಸಾಗುವ ಯುಡಿಪಿ ಎಂಬ ದಾರಿಯನ್ನು ತಡೆದಿರುವುದರಿಂದ. ಮೊಬೈಲ್ ಡೇಟಾಗೆ ಬದಲಿಸಿ ನೋಡಿದರೆ ಗೊತ್ತಾಗುತ್ತದೆ.

ಡೇಟಾ ತಿನ್ನುತ್ತದೆಯೇ ಎಂದು ಎಲ್ಲರೂ ಕೇಳುತ್ತಾರೆ. ಚಾನೆಲ್ಲಿನ ಬಿಟ್‌ರೇಟ್ (ಸೆಕೆಂಡಿಗೆ ಸಾಗುವ ಡೇಟಾ) ಮೊದಲಿಗೆ 64 ಕೆಬಿಪಿಎಸ್ ಇರುತ್ತದೆ. ಆ ಲೆಕ್ಕದಲ್ಲಿ ಒಬ್ಬ ಗಂಟೆಪೂರ್ತಿ ನಿಲ್ಲದೆ ಮಾತಾಡಿದರೆ ಸುಮಾರು 29 ಎಂಬಿ. ಒಬ್ಬೊಬ್ಬರ ಧ್ವನಿ ಬೇರೆಬೇರೆಯಾಗಿ ಬರುವುದರಿಂದ ಮೂವರು ಒಂದೇ ಸಮ ಅರಚಿದರೆ 86 ಎಂಬಿ ಆಗಬಹುದು. ಸುಮ್ಮನಿದ್ದಾಗ ಹೆಚ್ಚೇನೂ ಹೋಗುವುದಿಲ್ಲ, ಹಾಗಾಗಿ ನಿಜವಾದ ಖರ್ಚು ಇದಕ್ಕಿಂತ ಬಹಳ ಕಮ್ಮಿ. ದಿನಕ್ಕೆ 1.5 ಜಿಬಿ ಪ್ಯಾಕ್ ಇರುವವರು ಬಿಟ್‌ರೇಟನ್ನು 32ಕ್ಕೆ ಇಳಿಸಿದರೂ ಮಾತು ಚೆನ್ನಾಗೇ ಕೇಳುತ್ತದೆ. ಧ್ವನಿಯನ್ನು ಕುಗ್ಗಿಸಿ ಕಳಿಸಲು ಡಿಸ್ಕಾರ್ಡ್ ಬಳಸುವ ಓಪಸ್ ಎಂಬ ಕೋಡೆಕ್ ಕಡಿಮೆ ಬಿಟ್‌ರೇಟಿನಲ್ಲೂ ಮನುಷ್ಯರ ಮಾತನ್ನು ಚೆನ್ನಾಗಿ ಹಿಡಿಯುತ್ತದೆ. ಬಿಟ್‌ರೇಟನ್ನು 96ಕ್ಕೆ ಏರಿಸುವುದು ಹಾಡಿಗೆ, ಹರಟೆಗೆ ಬೇಕಿಲ್ಲ.

ಫೋನಿನಲ್ಲಿ ನಿಜವಾದ ತೊಂದರೆ ಬೇರೆಡೆ ಇದೆ. ಮೊದಲನೆಯದು ಮೈಕ್ ಜಗಳ. ಆಟ ಮತ್ತು ಡಿಸ್ಕಾರ್ಡ್ ಎರಡೂ ಮೈಕ್ ಕೇಳಿದರೆ ಆಂಡ್ರಾಯ್ಡ್ ಸಾಮಾನ್ಯವಾಗಿ ಒಂದಕ್ಕೆ ಮಾತ್ರ ಕೊಡುತ್ತದೆ, ಇನ್ನೊಂದಕ್ಕೆ ಮೌನ ಸಿಗುತ್ತದೆ. "ನಿನ್ ದನಿ ಬರವಲ್ದಲೇ" ಎಂಬ ದೂರಿನ ಮೂಲ ಬಹುಪಾಲು ಇದೇ. ಆಟದೊಳಗಿನ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಆಫ್ ಮಾಡಿ, ಆಮೇಲೆ ಡಿಸ್ಕಾರ್ಡ್ ಚಾನೆಲ್ ಸೇರಿ, ಕೊನೆಗೆ ಆಟ ತೆರೆಯಿರಿ. ಎರಡನೆಯದು ಬ್ಲೂಟೂತ್. ಮೈಕ್ ಆನ್ ಆದ ಕೂಡಲೇ ಬ್ಲೂಟೂತ್ ಇಯರ್‌ಫೋನ್ ಕಾಲ್ ಮೋಡಿಗೆ ಬೀಳುತ್ತದೆ. ಸ್ಟೀರಿಯೊ ಹೋಗಿ ಎರಡೂ ಕಿವಿಗೆ ಒಂದೇ ಮಂದ ಶಬ್ದ ಬರುತ್ತದೆ, ಎದುರಾಳಿಯ ಹೆಜ್ಜೆ ಎಡಕ್ಕೋ ಬಲಕ್ಕೋ ಎಂದು ತಿಳಿಯುವುದಿಲ್ಲ. 3.5 ಎಂಎಂ ತಂತಿಯ ಇಯರ್‌ಫೋನ್ ಹಾಕಿದರೆ ಈ ಕಾಟವೇ ಇಲ್ಲ. ಜಾಕ್ ಇಲ್ಲದ ಫೋನಿಗೆ ಟೈಪ್-ಸಿ ತಂತಿಯದು ಸಿಗುತ್ತದೆ. ಮೂರನೆಯದು ಬ್ಯಾಟರಿ ಉಳಿತಾಯ. ಶಿಯೋಮಿ, ವಿವೊ, ರಿಯಲ್‌ಮಿ ಫೋನುಗಳು ಹಿಂದೆ ಓಡುವ ಆ್ಯಪನ್ನು ನಡುವೆಯೇ ಮುಚ್ಚಿಬಿಡುತ್ತವೆ. ಆ್ಯಪ್ ಮಾಹಿತಿಗೆ ಹೋಗಿ ಬ್ಯಾಟರಿಯಲ್ಲಿ 'ನಿರ್ಬಂಧ ಇಲ್ಲ' ಆರಿಸಿ, ಶಿಯೋಮಿಯಲ್ಲಿ ಆಟೊಸ್ಟಾರ್ಟ್ ಕೂಡ ಕೊಡಿ.

ನಮ್ಮ ಕಡೆ ಬೇಸಿಗೆಗೆ ಬೇರೆಯದೇ ಲೆಕ್ಕ. ರಾಯಚೂರಿನಲ್ಲಿ ಮೇ ತಿಂಗಳು 40 ಡಿಗ್ರಿ ದಾಟಿದಾಗ ರಾತ್ರಿಯಿಡೀ ಕೂಲರ್ ಓಡುತ್ತದೆ, ಆ ಗೊರಗೊರ ಎಲ್ಲರ ಕಿವಿಗೂ ಹೋಗುತ್ತದೆ. ಡಿಸ್ಕಾರ್ಡಿನಲ್ಲಿರುವ ಕ್ರಿಸ್ಪ್ ಎಂಬ ನಾಯ್ಸ್ ಸಪ್ರೆಶನ್ ಕೂಲರ್, ಫ್ಯಾನ್, ಹೊರಗಿನ ಟ್ರ್ಯಾಕ್ಟರ್ ಸದ್ದನ್ನು ಚೆನ್ನಾಗಿ ಅಳಿಸುತ್ತದೆ. ಪಕ್ಕದಲ್ಲಿ ಇನ್ನೊಬ್ಬ ಮಾತಾಡಿದರೆ ಮಾತ್ರ ಆ ಮಾತು ಅಳಿಯದೆ ಎಲ್ಲರಿಗೂ ಕೇಳಿಸಬಹುದು. ಆದರೆ ಕ್ರಿಸ್ಪ್ ಪ್ರೊಸೆಸರ್ ಕೆಲಸ ಹೆಚ್ಚಿಸುತ್ತದೆ. ಮೊದಲೇ ಕಾದ ಫೋನು ಇನ್ನಷ್ಟು ಕಾದು, ತನ್ನನ್ನು ಕಾಪಾಡಿಕೊಳ್ಳಲು ವೇಗ ಇಳಿಸಿ, ಆಟ ತಡೆತಡೆದು ಓಡುವ ಫ್ರೇಮ್ ಡ್ರಾಪ್ ಶುರುವಾಗುತ್ತದೆ. ಹಳೆಯ ಫೋನಿದ್ದರೆ ಕ್ರಿಸ್ಪ್ ಬಿಟ್ಟು 'ಸ್ಟ್ಯಾಂಡರ್ಡ್' ಇಡಿ, ಮೈಕನ್ನು ತುಟಿ ಹತ್ತಿರ ತನ್ನಿ, ಕೂಲರ್ ಕಡೆ ಬೆನ್ನು ಮಾಡಿ ಕೂಡಿ. ಇಷ್ಟರಲ್ಲೇ ಅರ್ಧ ಸದ್ದು ಹೋಗುತ್ತದೆ.

ಗ್ಯಾಂಗಿನಲ್ಲಿ ಒಬ್ಬನಾದರೂ ಸಿಡಿಲಿನಂತೆ ನಗುವವನು ಇರುತ್ತಾನೆ. ಅವನ ಹೆಸರು ಒತ್ತಿ ಹಿಡಿದರೆ ಅವನೊಬ್ಬನ ವಾಲ್ಯೂಮ್ ಮಾತ್ರ ಇಳಿಸಬಹುದು, 0ರಿಂದ 200 ಶೇಕಡಾದವರೆಗೆ. ಅವನಿಗೆ ಗೊತ್ತೇ ಆಗುವುದಿಲ್ಲ, ಮನಸ್ಸೂ ನೋಯುವುದಿಲ್ಲ. ಇಡೀ ಆ್ಯಪಿನಲ್ಲಿ ಹರಟೆಗೆ ಅತ್ಯಂತ ಉಪಕಾರಿ ಸೌಲಭ್ಯ ಇದೇ ಎನ್ನಬೇಕು.

ಸರ್ವರ್ (ಡಿಸ್ಕಾರ್ಡಿನಲ್ಲಿ ನಿಮ್ಮ ಗ್ಯಾಂಗಿನದೇ ಜಾಗ) ಕಟ್ಟುವಾಗ ಮೂರು ವಾಯ್ಸ್ ಚಾನೆಲ್ ಸಾಕು. 'ಮ್ಯಾಚ್' ಎಂಬುದಕ್ಕೆ ಯೂಸರ್ ಲಿಮಿಟ್ 4 ಹಾಕಿ. 'ಕಟ್ಟೆ'ಗೆ ಲಿಮಿಟ್ ಬೇಡ. ಮೂರನೆಯದನ್ನು ಎಎಫ್‌ಕೆ (ಆಟ ಬಿಟ್ಟು ಸುಮ್ಮನಾದವರ) ಚಾನೆಲ್ ಮಾಡಿ 15 ಅಥವಾ 30 ನಿಮಿಷದ ಅವಧಿ ಕೊಡಿ. ಮಾತು ಬಿಟ್ಟು ನಿದ್ದೆಹೋದವನನ್ನು ಅದು ತಾನಾಗಿ ಅಲ್ಲಿಗೆ ಸರಿಸುತ್ತದೆ, ಗೊರಕೆ ಕಟ್ಟೆಗೆ ಬರುವುದಿಲ್ಲ. ಕಾಲೆಳೆಯುವುದು ಕಟ್ಟೆಯಲ್ಲಿ ಮಾತ್ರ ಎಂದು ಗಟ್ಟಿಯಾಗಿ ಹೇಳಿಬಿಡಿ. ಆಡುವ ಜಾಗ ಕಿರಿದಾದ ಕೊನೆಯ ಝೋನಿನಲ್ಲಿ ಒಬ್ಬನೇ ಉಳಿದು ಹೆಜ್ಜೆ ಸದ್ದಿಗೆ ಕಿವಿಗೊಟ್ಟಿರುವಾಗ ಸತ್ತ ಮೂವರು ಜೋಕ್ ಹೊಡೆದರೆ ಅಲ್ಲಿಂದಲೇ ಜಗಳ ಹುಟ್ಟುತ್ತದೆ. ಸತ್ತವರು ಮ್ಯೂಟ್ ಮಾಡಿಕೊಂಡು ನೋಡಬೇಕು, ಇಲ್ಲ ಕಟ್ಟೆಗೆ ಹೋಗಬೇಕು.

ಇನ್ನು ಮಾತಿನ ಮರ್ಯಾದೆ. ಬಳ್ಳಾರಿ, ಸಿಂಧನೂರು, ಗಂಗಾವತಿ ಹುಡುಗರಿಗೆ 'ಲೇ' ಎಂದರೆ ಸಲಿಗೆ. ಮೈಸೂರು, ಮಂಡ್ಯ ಕಡೆಯಿಂದ ಬಂದ ಹೊಸಬನಿಗೆ ಅದೇ 'ಲೇ' ಕೆನ್ನೆಗೆ ಹೊಡೆದಂತೆ ಕೇಳಬಹುದು. ಹೊಸಬರನ್ನು ಮೊದಲ ಕೆಲವು ದಿನ 'ಅಣ್ಣಾ', 'ರೀ' ಎಂದೇ ಮಾತಾಡಿಸಿ, ಅವರೇ 'ಲೇ' ಎಂದ ದಿನ ನೀವೂ ಅನ್ನಿ. ಆಟವನ್ನು ಆಡಿಕೊಳ್ಳಿ, ಆಳನ್ನು ಬೇಡ. ಗುರಿ ತಪ್ಪಿದ್ದು, ಮೂಲೆ ಹಿಡಿದು ಕ್ಯಾಂಪ್ ಕೂತಿದ್ದು, ಗೆಳೆಯ ನಾಕ್ ಆಗಿ ತೆವಳುವಾಗ ಅವನ ಪಕ್ಕದಲ್ಲೇ ಬಂದೂಕಿನ ಎಂಟರ ಸ್ಕೋಪ್ (ದುರ್ಬೀನು) ಹುಡುಕಿದ್ದು, ಕಂಪ್ಯೂಟರ್ ಆಡಿಸುವ ಬಾಟ್ ಕೈಯಲ್ಲಿ ಸತ್ತಿದ್ದು: ಇವನ್ನು ವರ್ಷಗಟ್ಟಲೆ ಎಳೆದರೂ ಯಾರಿಗೂ ನೋವಿಲ್ಲ. ಜಾತಿ, ತಾಯಿ, ಮೈಬಣ್ಣ, ತೊದಲು, ಪರೀಕ್ಷೆಯ ರಿಸಲ್ಟ್, ಸಿಗದ ಕೆಲಸ ಇವು ಕಟ್ಟೆಗೆ ಬರಬಾರದು, ತಮಾಷೆಗೂ ಬರಬಾರದು.

ಗಡಿ ದಾಟಿತು ಎಂಬುದು ಪರದೆಯ ಮೇಲೇ ಕಾಣುತ್ತದೆ. ಮಾತಾಡುವವನ ಚಿತ್ರದ ಸುತ್ತ ಹಸಿರು ಬಳೆ ಬೆಳಗುತ್ತದೆ. ಜೋಕ್ ಸರಿಯಾಗಿ ತಾಗಿದರೆ ನಾಲ್ಕೂ ಬಳೆ ಒಟ್ಟಿಗೆ ಬೆಳಗುತ್ತವೆ, ತಾಗಬಾರದ ಕಡೆ ತಾಗಿದರೆ ಒಂದು ಬಳೆ ಬೆಳಗುವುದಿಲ್ಲ, ಸ್ವಲ್ಪ ಹೊತ್ತಿಗೆ ಅಲ್ಲಿ ಅಡ್ಡಗೆರೆಯ ಮೈಕ್ ಕಾಣಿಸುತ್ತದೆ. ಆಗ ಎಲ್ಲರ ಮುಂದೆ "ಏನಾತಲೇ, ಸಿಟ್ಟಾದೇನು?" ಎಂದು ಕೇಳಿದರೆ ಇನ್ನೂ ಕೆಡುತ್ತದೆ. ಗ್ಯಾಂಗಿನಲ್ಲಿ ಅವನಿಗೆ ಹತ್ತಿರದವನು ಒಬ್ಬನೇ ಮೆಸೇಜ್ ಮಾಡಬೇಕು, ಉಳಿದವರು ಮಾತು ಬದಲಿಸಬೇಕು.

ಬರಹದ ಕಾವಲಿಗೆ ಅರ್ಧ ಅಂಕ ಎಂದೆವಲ್ಲ, ಅದಕ್ಕೆ ಕಾರಣ ಭಾಷೆ. ಡಿಸ್ಕಾರ್ಡ್ 2022ರಲ್ಲಿ ತಂದ ಆಟೊಮಾಡ್ ಬೈಗುಳ ಇರುವ ಮೆಸೇಜನ್ನು ಬೀಳುವ ಮೊದಲೇ ತಡೆಯುತ್ತದೆ. ಆದರೆ ಅದರ ಸಿದ್ಧಪಟ್ಟಿಗೆ ನಮ್ಮ ಬೈಗುಳ ಗೊತ್ತಿಲ್ಲ. ಅದರಲ್ಲೂ ಬಳ್ಳಾರಿಯವನು ಒಂದೇ ಸಾಲಿನಲ್ಲಿ ಕನ್ನಡ, ತೆಲುಗು ಬೆರೆಸುತ್ತಾನೆ, ರಾಯಚೂರಿನವನು ದಖನಿಯನ್ನೂ ಸೇರಿಸುತ್ತಾನೆ, ಇಬ್ಬರೂ ಇಂಗ್ಲಿಷ್ ಅಕ್ಷರದಲ್ಲಿ ಬರೆದು ಒಂದೇ ಪದಕ್ಕೆ ನಾಲ್ಕು ಸ್ಪೆಲ್ಲಿಂಗ್ ಕೊಡುತ್ತಾರೆ. ಪಟ್ಟಿಯನ್ನು ನೀವೇ ಮಾಡಬೇಕು. ಪದದ ಹಿಂದೆ ಮುಂದೆ ನಕ್ಷತ್ರ ಚಿಹ್ನೆ ಹಾಕಿದರೆ ಅದು ಸೇರಿದ ಎಲ್ಲ ರೂಪಗಳೂ ಸಿಗುತ್ತವೆ, ಆದರೆ ಇಲ್ಲೇ ಎಡವುವುದು. ನಕ್ಷತ್ರವನ್ನು ಅಜಾಗರೂಕತೆಯಿಂದ ಹಾಕಿದರೆ ಚನ್ನಗಿರಿ ಬಳಿಯ ಸೂಳೆಕೆರೆಗೆ ಟ್ರಿಪ್ ಹೋಗೋಣ ಎಂದ ಪಾಪದವನ ಮೆಸೇಜೂ ತಡೆಯಾಗುತ್ತದೆ. ಮೊದಲ ಎರಡು ವಾರ 'ತಡೆ' ಬಿಟ್ಟು 'ಎಚ್ಚರಿಕೆ ಕಳುಹಿಸು' ಮಾತ್ರ ಆನ್ ಇಟ್ಟು, ಯಾವ ಪದ ಸುಮ್ಮಸುಮ್ಮನೆ ಸಿಕ್ಕಿಬೀಳುತ್ತಿದೆ ನೋಡಿ ಪಟ್ಟಿ ತಿದ್ದಿ. ವಾಯ್ಸಿನಲ್ಲಿ ಆಡಿದ ಮಾತಿಗೆ ಆಟೊಮಾಡ್ ಕಾವಲಿಲ್ಲ, ಅಲ್ಲಿ ಮನುಷ್ಯರೇ ಬೇಕು.

ಜಗಳ ಹತ್ತಿದಾಗ ಕಿಕ್, ಬ್ಯಾನ್ ಕಡೆ ಕೈ ಹೋಗಬಾರದು. ಒಬ್ಬನ ಮಾತು, ಮೆಸೇಜ್ ಸ್ವಲ್ಪ ಹೊತ್ತು ತಡೆಯುವ ಟೈಮೌಟ್ ಇದೆ: 60 ಸೆಕೆಂಡಿನಿಂದ 1 ವಾರದವರೆಗೆ. ದಿನಾ ಬರುವ ಗೆಳೆಯನಿಗೆ 10 ನಿಮಿಷ ಸಾಕು, ಒಂದು ಲೋಟ ನೀರು ಕುಡಿದು ಬರುವಷ್ಟು. ಇಬ್ಬರೂ ಸಾಲುಸಾಲು ಮೆಸೇಜ್ ಒಗೆಯುತ್ತಿದ್ದರೆ ಚಾನೆಲ್ಲಿಗೆ 30 ಸೆಕೆಂಡಿನ ಸ್ಲೋ ಮೋಡ್ ಹಾಕಿ. ಮುಂದಿನ ಸಾಲು ಬರೆಯಲು ಕಾಯಬೇಕಾದಾಗ ಸಿಟ್ಟಿನ ವೇಗ ಇಳಿಯುತ್ತದೆ. ಯಾವ ಮಾಡರೇಟರ್ ಯಾರಿಗೆ ಟೈಮೌಟ್ ಕೊಟ್ಟ ಎಂಬುದು ಆಡಿಟ್ ಲಾಗ್‌ನಲ್ಲಿ 45 ದಿನ ಉಳಿಯುತ್ತದೆ, ಆದ್ದರಿಂದ ಪಕ್ಷಪಾತದ ದೂರು ಬಂದರೆ ತೆಗೆದು ನೋಡಬಹುದು.

ದುಡ್ಡು ಕೊಟ್ಟು ನೈಟ್ರೊ ಎಂಬ ಡಿಸ್ಕಾರ್ಡ್ ಚಂದಾ ತೆಗೆದುಕೊಳ್ಳುವ ಅಗತ್ಯ ಹರಟೆಗಂತೂ ಇಲ್ಲ. ಬಿಟ್ಟಿ ಸರ್ವರಿನಲ್ಲೇ ಸ್ವಂತದ 50 ಎಮೋಜಿ ಹಾಕಬಹುದು, ಒತ್ತಿದರೆ ಸದ್ದು ಹೊಡೆಯುವ ಸೌಂಡ್‌ಬೋರ್ಡಿನಲ್ಲಿ 8 ಸದ್ದು. ಈ ಜಾಗವನ್ನು ಇಂಟರ್ನೆಟ್ಟಿನ ಹಳಸಲು ಮೀಮಿಗೆ ಕೊಡದೆ ನಿಮ್ಮ ಊರಿನದಕ್ಕೆ ಕೊಡಿ. ಒಗ್ಗರಣಿ-ಮಿರ್ಚಿಯ ತಟ್ಟೆ, ಕಿನ್ನಾಳದ ಗೊಂಬೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 33 ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಆಟದಲ್ಲಿ ಬಾಗಿಲು ಕಾಯಲು ನಿಲ್ಲಿಸಿದವನು ಮೊದಲ ಗುಂಡು ತಾಗಿದ ಕೂಡಲೇ ಬಿದ್ದರೆ ಬರೀ '19' ಎಂಬ ಎಮೋಜಿ ಹಾಕಿ. ಮುನಿರಾಬಾದಿನಿಂದ ಸಿರುಗುಪ್ಪದವರೆಗೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಕ್ಲಿಪ್ ಹಂಚಿಕೊಳ್ಳುವುದರಲ್ಲಿ ಮಾತ್ರ ಬಿಟ್ಟಿ ಖಾತೆ ಬಿಗಿ: ಒಂದು ಫೈಲಿಗೆ 10 ಎಂಬಿ ಮಿತಿ. ಗೆಳೆಯ ತನ್ನ ಗ್ರೆನೇಡಿಗೆ ತಾನೇ ಬಲಿಯಾದ ಕ್ಲಿಪ್ ಹಾಕಲು 720ಪಿಯಲ್ಲಿ, 2.5 ಎಂಬಿಪಿಎಸ್ ಬಿಟ್‌ರೇಟಿನಲ್ಲಿ, 30 ಸೆಕೆಂಡಿಗೆ ಕತ್ತರಿಸಿದರೆ ಸುಮಾರು 9.4 ಎಂಬಿ ಆಗಿ ಒಳಗೆ ಕೂರುತ್ತದೆ. ಕ್ಲಿಪ್ಪಿನಲ್ಲಿ ಫೋನ್ ನಂಬರ್, ನೋಟಿಫಿಕೇಶನ್ ಕಾಣದಂತೆ ಮೇಲಿನ ಪಟ್ಟಿ ಕತ್ತರಿಸಿ. ಡಿಸ್ಕಾರ್ಡಿಗೆ ಕನಿಷ್ಠ ವಯಸ್ಸು 13. ಚಿಕ್ಕ ತಮ್ಮಂದಿರು ಕಟ್ಟೆಗೆ ಬಂದು ಕೂತಿದ್ದರೆ ದೊಡ್ಡವರ ಬಾಯಿಗೆ ಲಗಾಮು ಇರಲಿ.

ಕೊನೆಗೆ ಕರೆಂಟು. ಹೋದ ಕೂಡಲೇ ಫೈಬರ್ ರೌಟರ್ ಆರಿ, ಮಾತು ನಡುವಲ್ಲೇ ತುಂಡಾಗುತ್ತದೆ. ರೌಟರಿನ ಅಡಾಪ್ಟರ್ ಮೇಲೆ 12 ವೋಲ್ಟ್ ಎಂದಿದ್ದರೆ ಅಷ್ಟೇ ವೋಲ್ಟಿನ, ಅದರಲ್ಲಿ ಬರೆದಿರುವಷ್ಟು ಅಥವಾ ಅದಕ್ಕಿಂತ ಹೆಚ್ಚು ಆಂಪಿಯರ್ ಕೊಡುವ ಮಿನಿ ಯುಪಿಎಸ್ ತನ್ನಿ. ಅದಿಲ್ಲದವರ ಫೋನ್ ಮೊಬೈಲ್ ಡೇಟಾಗೆ ಹೊರಳಿದರೆ ಡಿಸ್ಕಾರ್ಡ್ ತಾನಾಗಿ ಮತ್ತೆ ಜೋಡಿಸಿಕೊಳ್ಳುತ್ತದೆ, ಕೆಲವು ಸೆಕೆಂಡ್ ತಡವಾಗುತ್ತದೆ ಅಷ್ಟೇ. ಹಸಿರು ಬಳೆ ಮತ್ತೆ ಬೆಳಗಿ "ಎಲ್ಲಿಗೆ ಬಿಟ್ಟಿದ್ನಲೇ?" ಎನ್ನುವವರೆಗೆ ಉಳಿದ ಮೂವರು ಸುಮ್ಮನೆ ಕಾಯುತ್ತಾರೆ.