ಇಂಗ್ಲಿಷ್ ಕಲಿಯಲು ಪಾಡ್‌ಕಾಸ್ಟ್: ನಿಧಾನದ್ದೋ, ಆರು ನಿಮಿಷದ್ದೋ, ಗಂಟೆಗಟ್ಟಲೆಯದ್ದೋ?

ವಾಯ್ಸ್ ಆಫ್ ಅಮೆರಿಕದ ‘ಲರ್ನಿಂಗ್ ಇಂಗ್ಲಿಷ್’, ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’, ‘ಲ್ಯೂಕ್ಸ್ ಇಂಗ್ಲಿಷ್ ಪಾಡ್‌ಕಾಸ್ಟ್’ ಈ ಮೂರನ್ನೂ ಬಳಸಿ ನೋಡಿದರೆ ಗೊತ್ತಾಗುವುದಿಷ್ಟು: ಕಿವಿ ಪಳಗಿಸುವ ಕಂತೇ ಬೇರೆ, ನಾಲಿಗೆ ಪಳಗಿಸುವ ಕಂತೇ ಬೇರೆ.

ಮೊದಲನೆಯದು 1959ರಲ್ಲಿ ‘ಸ್ಪೆಷಲ್ ಇಂಗ್ಲಿಷ್’ ಎಂಬ ಹೆಸರಿನಲ್ಲಿ ಶುರುವಾದದ್ದು. ಸುಮಾರು 1,500 ಪದಗಳ ಮಿತಿ, ಮಾಮೂಲಿಗಿಂತ ಮೂರನೇ ಒಂದು ಭಾಗ ನಿಧಾನದ ಓದು. ಹೊಸಬರಿಗೆ ಧೈರ್ಯ ಬರುತ್ತದೆ. ಆದರೆ ಇಲ್ಲಿ ಪದಗಳು ಬಿಡಿಬಿಡಿಯಾಗಿ ಕೇಳಿಸುತ್ತವೆ, ನಿಜವಾದ ಮಾತಿನಲ್ಲಿ ಅವು ಬೆಸೆದುಕೊಂಡಿರುತ್ತವೆ. ಪಠ್ಯ (ಕಂತಿನ ಮಾತಿನ ಬರಹರೂಪ) ನೋಡದೆಯೇ ಅರ್ಥವಾಗತೊಡಗಿದ ದಿನ ಇದನ್ನು ಬಿಟ್ಟುಬಿಡಿ.

ಮಾತಿಗೆ ನಮ್ಮ ಆಯ್ಕೆ ಬಿಬಿಸಿಯದೇ. ಕಂತು ಚಿಕ್ಕದು, ಪಠ್ಯ ಜೊತೆಗೇ ಸಿಗುತ್ತದೆ. ಆರಂಭದಲ್ಲಿ ಕೇಳಿದ ಪ್ರಶ್ನೆಗೆ ಉತ್ತರ ಕೊನೆಯಲ್ಲಿ ಬರುವುದರಿಂದ ಗಮನವೂ ತಪ್ಪುವುದಿಲ್ಲ. ಮೊದಲು ಪಠ್ಯ ಮುಚ್ಚಿಟ್ಟು ಪೂರ್ತಿ ಕೇಳಿ. ಆಮೇಲೆ 30 ಸೆಕೆಂಡಿನ ತುಣುಕೊಂದನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾ ಬರೆದುಕೊಳ್ಳಿ, ಪಠ್ಯದೊಂದಿಗೆ ತಾಳೆ ನೋಡಿ. ಬಿಟ್ಟುಹೋಗಿರುವುದು ಹೆಚ್ಚಾಗಿ ‘ಆಫ್’, ‘ಟು’, ‘ದ’ದಂಥ ಪುಟ್ಟ ಪದಗಳೇ. ‘ವಾಟ್ ಡು ಯೂ ವಾಂಟ್ ಟು ಡೂ’ ಎಂಬುದು ಬಾಯಲ್ಲಿ ‘ವಾಡ್ಯ ವಾನ ಡೂ’ ಆಗಿರುತ್ತದೆ. ಕಣ್ಣಿಗೆ ಗೊತ್ತಿದ್ದ ವಾಕ್ಯ ಕಿವಿಗೆ ಸಿಗದಿರುವುದು ಇದಕ್ಕೇ.

ಅದೇ ತುಣುಕನ್ನು ಈಗ ನಿರೂಪಕರ ದನಿಯ ಬೆನ್ನಿಗೇ, ಅರ್ಧ ಸೆಕೆಂಡ್ ಹಿಂದಿನಿಂದ, ಐದಾರು ಸಲ ಹೇಳಿ. ಇದಕ್ಕೆ ಶಾಡೋಯಿಂಗ್ ಎನ್ನುತ್ತಾರೆ. ಕೊನೆಯ ಸಲದ್ದನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿದರೆ ತಪ್ಪು ತಾನಾಗಿಯೇ ಎದ್ದು ಕಾಣುತ್ತದೆ. ‘ಐ ಕ್ಯಾನ್ ಗೋ’ ಎನ್ನುವಾಗ ‘ಕ್ಯಾನ್’ ಮೇಲೆ ಒತ್ತು ಹಾಕಿದರೆ ಕೇಳುವವರಿಗೆ ‘ಕಾಂಟ್’ ಎಂದೇ ಅನ್ನಿಸಬಹುದು. ಅದು ಹಗುರವಾಗಿ ‘ಕನ್’ ಆಗಬೇಕು, ಒತ್ತು ‘ಗೋ’ ಮೇಲೆ ಬೀಳಬೇಕು. ಕನ್ನಡದ ಅಭ್ಯಾಸದಿಂದ ‘ಬಸ್’ ಕೊನೆಗೆ ‘ಉ’ ಸೇರುವುದೂ ಇಲ್ಲೇ ಸಿಕ್ಕಿಬೀಳುತ್ತದೆ. ಕಂತಿನ ವೇಗವನ್ನು 0.75 ಪಟ್ಟಿಗೆ ಇಳಿಸುವುದು ಬರೆದುಕೊಳ್ಳುವಾಗ ಸರಿ, ಶಾಡೋಯಿಂಗ್‌ಗೆ ಬೇಡ. ಲಯವೇ ಕೆಡುತ್ತದೆ.

2009ರಲ್ಲಿ ಶುರುವಾದ ಲ್ಯೂಕ್ಸ್‌ನ ಕಂತುಗಳು ಎಷ್ಟೋ ಸಲ ಗಂಟೆ ದಾಟುತ್ತವೆ. ತಡವರಿಕೆ, ಅಡ್ಡಮಾತು, ಅರ್ಧಕ್ಕೆ ಬಿಟ್ಟ ವಾಕ್ಯ ಎಲ್ಲವೂ ಇರುವುದರಿಂದ ಕಿವಿಗೆ ಇದಕ್ಕಿಂತ ಒಳ್ಳೆಯ ಆಹಾರವಿಲ್ಲ. ಹತ್ತು ನಿಮಿಷದಲ್ಲಿ ಮೂರ್ನಾಲ್ಕು ಸಲ ಎಳೆ ತಪ್ಪಿದರೆ ಮಾತ್ರ ಇನ್ನೂ ಸಮಯ ಬಂದಿಲ್ಲ.

ಮೂರರಲ್ಲೂ ಇರುವ ಕೊರತೆ ಒಂದೇ: ಎದುರು ಮಾತಾಡುವವರಿಲ್ಲ. ಹಾಗಾಗಿ ಕಂತು ಮುಗಿದ ತಕ್ಷಣ, ಏನನ್ನೂ ನೋಡದೆ, ಕೇಳಿದ್ದನ್ನು ಒಂದು ನಿಮಿಷ ನಿಮ್ಮದೇ ಮಾತಿನಲ್ಲಿ ಹೇಳಿ. ಎಲ್ಲಿ ತೊದಲಿದಿರೋ ಆ ಜಾಗವನ್ನು ಪಠ್ಯದಲ್ಲಿ ಹುಡುಕಿ, ಮತ್ತೊಮ್ಮೆ ಹೇಳಿ.