ಹತ್ತು ನಿಮಿಷದ ಕಿರಾಣಿ: ಗಂಜಿನ ಗುಮಾಸ್ತನೊಬ್ಬನ ಲೆಕ್ಕ

ಕಲಬುರಗಿಯ ಗಂಜಿನ, ಎಂದರೆ ಸಗಟು ಧಾನ್ಯ ಮಾರುಕಟ್ಟೆಯ, ಅಡತಿ ಅಂಗಡಿಯೊಂದರಲ್ಲಿ ಮೂವತ್ನಾಲ್ಕು ವರ್ಷ ಕಿರ್ದಿ, ಖಾತೆ ಬರೆದು ನಿವೃತ್ತನಾದ ನಾನು ಕಳೆದ ಚಳಿಗಾಲದಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್ ಕಡೆಯ ಮಗನ ಮನೆಯಲ್ಲಿ ಆರು ವಾರ ಇದ್ದೆ. ಆ ಆರು ವಾರಗಳಲ್ಲಿ ಆ ಮನೆಯಿಂದ ಒಬ್ಬರೂ ಕಿರಾಣಿ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. ಉಪ್ಪಿನಿಂದ ಹಿಡಿದು ಊದುಬತ್ತಿಯವರೆಗೆ ಎಲ್ಲವೂ ಮೊಬೈಲಿನ ಒಂದು ಆ್ಯಪ್ ಮೂಲಕ ಬಾಗಿಲಿಗೇ ಬರುತ್ತಿತ್ತು. ಕಂಪನಿಯ ಹೆಸರು ಬರೆಯುವುದಿಲ್ಲ. ಇಂಥ ಸೇವೆ ಕೊಡುವವರು ಹಲವರಿದ್ದಾರೆ, ನಾನು ನೋಡಿದ್ದು ಒಂದನ್ನು ಮಾತ್ರ. ಮಕ್ಕಳನ್ನು ಬೆಂಗಳೂರಿಗೆ ಕಳಿಸಿ ‘ಅಷ್ಟು ಪಗಾರ ಬಂದರೂ ಕೈಯಲ್ಲಿ ಏಕೆ ನಿಲ್ಲುವುದಿಲ್ಲ’ ಎಂದು ಕೇಳುತ್ತಿರುವ ನಮ್ಮ ಕಡೆಯ ತಂದೆ ತಾಯಂದಿರಿಗೆ ಈ ವಿಮರ್ಶೆಯಿಂದ ಏನಾದರೂ ತಿಳಿದೀತು ಎಂದು ಬರೆಯುತ್ತಿದ್ದೇನೆ.

ಮೊದಲು ಸೇವೆಯ ಗುಣವನ್ನೇ ಹೇಳುತ್ತೇನೆ, ಏಕೆಂದರೆ ಅದು ನಿಜವಾಗಿಯೂ ಚೆನ್ನಾಗಿದೆ. ಹತ್ತು ನಿಮಿಷ ಎಂದದ್ದು ಹೆಚ್ಚೆಂದರೆ ಹದಿನಾರಾಗುತ್ತಿತ್ತು. ಮಂತ್ರವೇನೂ ಇಲ್ಲ: ಗಿರಾಕಿ ಕಾಲಿಡದ ಸಣ್ಣ ಸಣ್ಣ ಗೋದಾಮುಗಳನ್ನು ಬಡಾವಣೆಗೊಂದರಂತೆ ತೆರೆದಿರುತ್ತಾರೆ, ಅವನ್ನು ಡಾರ್ಕ್ ಸ್ಟೋರ್ ಎನ್ನುತ್ತಾರೆ. ಸಾಮಾನು ಒಂದೆರಡು ಕಿಲೋಮೀಟರ್ ಆಚೆಯೇ ಇರುವುದರಿಂದ ಬೇಗ ಬರುತ್ತದೆ. ಹಳೆಯ ಚಟದಂತೆ ನಾನು ಬಂದ ಸಾಮಾನನ್ನು ಅಡಿಗೆಮನೆಯ ತಕ್ಕಡಿಯಲ್ಲಿ ಇಟ್ಟು ನೋಡಿದೆ. ಒಂದು ಸಲವೂ ತೂಕ ಕಡಿಮೆ ಬೀಳಲಿಲ್ಲ. ಮೊಸರಿನ ಪಾಕೀಟು ಒಡೆದು ಬಂದ ದಿನ ಫೋಟೋ ತೆಗೆದು ಕಳಿಸಿದ ನಾಲ್ಕು ನಿಮಿಷಕ್ಕೆ ಹಣ ವಾಪಸಾಯಿತು, ಮರುಮಾತಿಲ್ಲ. ತೊಗರಿಬೇಳೆಯ ವಿಷಯದಲ್ಲಿ ಮಾತ್ರ ನನಗೆ ಸ್ವಲ್ಪ ಹೊಟ್ಟೆಕಿಚ್ಚಾಯಿತೆಂದು ಒಪ್ಪಿಕೊಳ್ಳಬೇಕು. ನಮ್ಮ ಬೇಳೆಗೆ 2019ರಲ್ಲಿ ‘ಗುಲ್ಬರ್ಗಾ ತೂರ್ ದಾಲ್’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ಸಿಕ್ಕಿದೆ. ನಾನು ಊರಿಂದ ಕಿಲೋಗೆ 124 ರೂಪಾಯಿಯಂತೆ ಕಟ್ಟಿಸಿಕೊಂಡು ಒಯ್ದ ಬೇಳೆಗಿಂತ ಏನೂ ಹೆಚ್ಚಿಲ್ಲದ ಬೇಳೆಯನ್ನು ಆ್ಯಪ್‌ನಲ್ಲಿ ‘ಅನ್‌ಪಾಲಿಶ್ಡ್, ಪ್ರೀಮಿಯಂ’ ಎಂದು ಬರೆದು 219ಕ್ಕೆ ಮಾರುತ್ತಿದ್ದರು. ಬೇಳೆ ಬೇಯಲು ಹಿಡಿದ ಹೊತ್ತು ಎರಡಕ್ಕೂ ಒಂದೇ.

ಇನ್ನು ಬಿಲ್ಲು. ಒಂದು ಸಂಜೆ ಸಾರಿಗೆಂದು ಕೊತ್ತಂಬರಿ, ಹಸಿಮೆಣಸಿನಕಾಯಿ, ಅರ್ಧ ಲೀಟರ್ ಮೊಸರು ತರಿಸಿದೆವು. ಸಾಮಾನಿನ ಬೆಲೆ 86 ರೂಪಾಯಿ. ಅದರ ಕೆಳಗೆ ಡೆಲಿವರಿ 25, ಹ್ಯಾಂಡ್ಲಿಂಗ್ 10, ಆರ್ಡರ್ ಸಣ್ಣದಾದ ತಪ್ಪಿಗೆ 15, ಈ ಶುಲ್ಕಗಳ ಮೇಲೆ ಶೇಕಡಾ 18ರ ಜಿಎಸ್‌ಟಿ 9, ಒಟ್ಟು 145. ಆ್ಯಪ್ ಮೂಲಕ ಆಗುವ ಸ್ಥಳೀಯ ಡೆಲಿವರಿಯನ್ನು 2025ರ ಸೆಪ್ಟೆಂಬರ್ 22ರಿಂದ ಈ ತೆರಿಗೆಗೆ ಸೇರಿಸಿದ್ದಾರೆ. ಸಾಮಾನಿನ ಬೆಲೆಯ ಮೂರರಲ್ಲಿ ಎರಡು ಪಾಲಿನಷ್ಟು ಹಣ ಅದು ಬಾಗಿಲಿಗೆ ಬರುವುದಕ್ಕೇ ಹೋಯಿತು. ನನಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ ಎಂದರೆ ಓದುಗರಿಗೆ ಆಶ್ಚರ್ಯವಾಗಬಹುದು. ಗಂಜಿನ ಪಟ್ಟಿಯಲ್ಲಿಯೂ ಹಮಾಲಿ ಇರುತ್ತದೆ, ತೂಕದ ಖರ್ಚು ಇರುತ್ತದೆ, ದಲಾಲಿ ಇರುತ್ತದೆ. ಆದರೆ ಅವುಗಳ ದರ ಚೀಲ ಎತ್ತುವ ಮೊದಲೇ ಎಲ್ಲರಿಗೂ ಗೊತ್ತಿರುತ್ತದೆ. ಇಲ್ಲಿ ಸಾಮಾನು ಆರಿಸಿ, ಮನಸ್ಸು ಕೊಟ್ಟು, ಹಣ ಕಟ್ಟುವ ಪುಟಕ್ಕೆ ಬಂದ ಮೇಲೆ ಒಂದೊಂದಾಗಿ ಕಾಣಿಸಿಕೊಳ್ಳುತ್ತವೆ. ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ವ್ಯಾಪಾರದ 13 ಬಗೆಯ ಮರೆಮೋಸಗಳನ್ನು ಪಟ್ಟಿ ಮಾಡಿ ನಿಷೇಧಿಸಲಾಗಿದೆ. ಬೆಲೆಯನ್ನು ಹನಿಹನಿಯಾಗಿ ತೋರಿಸುವುದು ಅದರಲ್ಲಿ ಒಂದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಇನ್ನೊಂದು. ಈ ಎರಡನೆಯದೂ ನನ್ನ ಕಣ್ಣಿಗೆ ಬಿತ್ತು: ಒಂದು ಬಿಲ್ಲಿನಲ್ಲಿ ನಾವು ಹೇಳದ ದೇಣಿಗೆ ಒಂದು ರೂಪಾಯಿ ಇತ್ತು. ಒಂದು ರೂಪಾಯಿಗೆ ಇಷ್ಟು ಮಾತೇ ಎಂದು ಮಗ ನಕ್ಕ. ದಿನದ ಕೊನೆಗೆ ಒಂದು ರೂಪಾಯಿ ತಾಳೆಯಾಗದಿದ್ದರೆ ರಾತ್ರಿ ಹತ್ತರವರೆಗೆ ಕೂತು ಹುಡುಕಿದವನು ನಾನು. ದೇಣಿಗೆಯ ಮುಂದಿನ ಟಿಕ್ ಗುರುತನ್ನು ತೆಗೆಸಿದೆ. ಇಂಥದ್ದಕ್ಕೆ ದೂರು ಕೊಡಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ.

ಆದರೆ ಈ ಶುಲ್ಕಗಳನ್ನು ಬೈಯುವುದರಲ್ಲಿ ಎಲ್ಲರೂ ನಿಂತುಬಿಡುತ್ತಾರೆ, ನಾನೂ ಮೊದಲ ಎರಡು ವಾರ ಅಲ್ಲಿಯೇ ನಿಂತಿದ್ದೆ. ಮೂರನೆಯ ವಾರ ಸೊಸೆ 168 ರೂಪಾಯಿಯ ಸಾಮಾನು ಆರಿಸಿ ನನ್ನ ಕಡೆ ಮೊಬೈಲು ಹಿಡಿದಳು. ‘ಮಾವಾರ, ಇನ್ನ ಮೂವತ್ತೊಂದು ರೂಪಾಯಿದು ಏನರೆ ಹಾಕಿದ್ರ ಡೆಲಿವರಿ ಫ್ರೀ ಆಗ್ತದ್ರಿ’ ಎಂದಳು. ಮೂವತ್ತೊಂದಕ್ಕೆ ಸರಿಯಾದ ವಸ್ತು ಸಿಗಲಿಲ್ಲ, 95 ರೂಪಾಯಿಯ ಚಾಕೊಲೇಟ್ ಹಾಕಿದೆವು. 25 ರೂಪಾಯಿ ಉಳಿಸಲು 95 ಖರ್ಚು ಮಾಡಿದ ಆ ನಿರ್ಧಾರದಲ್ಲಿ ನಾನೂ ಪಾಲುದಾರ, ಚಾಕೊಲೇಟ್ ತಿಂದದ್ದೂ ಬಹುಪಾಲು ನಾನೇ. ಅದರ ಮರುದಿನ ಮಗನ ಒಪ್ಪಿಗೆ ಪಡೆದು ಹಿಂದಿನ ಮೂವತ್ತು ದಿನಗಳ ಆರ್ಡರುಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಮೂವತ್ತು ದಿನಕ್ಕೆ 58 ಆರ್ಡರು, ಒಟ್ಟು 24,310 ರೂಪಾಯಿ. ಅದರಲ್ಲಿ ಎಲ್ಲ ಶುಲ್ಕ, ತೆರಿಗೆ ಸೇರಿ 1,486 ಮಾತ್ರ. ಮೂವರ ಆ ಮನೆಗೆ ನಾನು ತಿಂಗಳ ಚೀಟಿ ಬರೆದಿದ್ದರೆ, ಅದೇ ಆ್ಯಪ್‌ನ ಅದೇ ದರದಲ್ಲಿ, ಹಣ್ಣು, ಹಾಲು, ಮಗುವಿನ ಬಿಸ್ಕೀಟು ಸೇರಿ 12,900 ಆಗುತ್ತಿತ್ತು. ಉಳಿದ 9,924 ರೂಪಾಯಿಗೆ ಬಂದದ್ದು ಏನು? ಸುವಾಸನೆಯ ಮೇಣದಬತ್ತಿ, ಮೂರನೆಯ ಚಾರ್ಜಿಂಗ್ ವೈರು, ಒಂದೇ ಸಲ ಬಳಸಿದ ಕಾಫಿ ನೊರೆ ಎಬ್ಬಿಸುವ ಕಡ್ಡಿ, ರಾತ್ರಿ ಹನ್ನೊಂದೂವರೆಯ ಐಸ್‌ಕ್ರೀಮುಗಳು. ಅಡಿಗೆಮನೆಯ ಕಪಾಟಿನಲ್ಲಿ ಜೀರಿಗೆಯ ಮೂರು ಪೊಟ್ಟಣಗಳಿದ್ದವು: ಒಂದಕ್ಕೆ ರಬ್ಬರು ಹಾಕಿತ್ತು, ಒಂದರ ಬಾಯಿಗೆ ಬಟ್ಟೆಯ ಕ್ಲಿಪ್ಪು, ಇನ್ನೊಂದನ್ನು ಒಡೆದೇ ಇರಲಿಲ್ಲ. ಕೈಗೆ ಸಿಗದಾಗ ಹುಡುಕುವುದಕ್ಕಿಂತ ತರಿಸುವುದು ಬೇಗವಾಗುತ್ತದೆ, ಅಷ್ಟೇ ಕಾರಣ. ಸಿಂಕಿನ ಕೆಳಗಿನ ಖಾನೆ ತೆರೆದರೆ ಕಂದು ಕಾಗದದ ಚೀಲಗಳು ಮೈಮೇಲೆ ಬೀಳುತ್ತಿದ್ದವು.

ಬೆಂಗಳೂರಿನ ಜೀವನವೆಚ್ಚ ಏರಿದೆ ಎಂಬುದು ಸುಳ್ಳಲ್ಲ. ಮೆಟ್ರೋದ ಗರಿಷ್ಠ ದರ 2025ರ ಫೆಬ್ರವರಿಯಲ್ಲಿ 60ರಿಂದ 90 ರೂಪಾಯಿಗೆ ಹೋಯಿತು, ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು, ಮಗ ಕೊಡುವ ಬಾಡಿಗೆ 46,000. ಇವು ಯಾವುವೂ ಅವನ ಕೈಯಲ್ಲಿಲ್ಲ. ಆದರೆ ಆ 9,924 ರೂಪಾಯಿ ಜೀವನವೆಚ್ಚದ ಖಾತೆಗೆ ಸೇರುವ ಬಾಬ್ತಲ್ಲ, ಅದನ್ನು ಅಲ್ಲಿ ಬರೆದಿರುವುದೇ ತಪ್ಪು ನಮೂದು. ಆ ವಸ್ತುಗಳ ಆಸೆ ಅವರಿಗೆ ಮೊದಲಿಂದ ಇರಲಿಲ್ಲ. ಬೇಕು ಅನ್ನಿಸಿದ ಗಳಿಗೆಗೂ ಕೊಳ್ಳುವ ಗಳಿಗೆಗೂ ನಡುವೆ ಮೊದಲು ಒಂದು ರಾತ್ರಿಯೋ, ಒಂದು ವಾರವೋ ಇರುತ್ತಿತ್ತು, ಆ ಹೊತ್ತಿನಲ್ಲಿ ಅರ್ಧದಷ್ಟು ಆಸೆಗಳು ತಾವಾಗಿಯೇ ಆರಿಹೋಗುತ್ತಿದ್ದವು. ಈ ಸೇವೆ ತೆಗೆದುಹಾಕಿರುವುದು ಆ ಹೊತ್ತನ್ನೇ. ‘ಅಪ್ಪಾ, ಅಂಗಡಿಗಿ ಹೋಗಿ ಬರಬೇಕಂದ್ರ ಮುಕ್ಕಾಲು ತಾಸು ಹೋಗ್ತದ. ಅಷ್ಟೊತ್ತಿನ್ಯಾಗ ನಾ ಎಷ್ಟ್ ದುಡೀತೀನಿ ಲೆಕ್ಕ ಹಾಕ್ರಿ’ ಎಂದ ಮಗ. ಲೆಕ್ಕ ಹಾಕಿದೆ, ಅವನು ಹೇಳಿದ್ದು ಸರಿಯಾಗಿಯೇ ಇತ್ತು. ಆದರೆ ಉಳಿದ ಆ ಮುಕ್ಕಾಲು ತಾಸಿನಲ್ಲಿ ಅವನು ದುಡಿದದ್ದನ್ನು ನಾನು ಕಾಣಲಿಲ್ಲ. ಸೋಫಾದ ಮೇಲೆ ಕೂತು ಅದೇ ಆ್ಯಪ್ ತಿರುವುತ್ತಿದ್ದ.

ಸಾಮಾನು ತರುವ ಹುಡುಗರ ಬಗ್ಗೆ ಎರಡು ಮಾತು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಅವರಿಗೆ ಬೇರೆಯ ಲಿಫ್ಟು. ಅದು ಕೆಟ್ಟ ದಿನ ಒಬ್ಬ ಹುಡುಗ ಒಂಬತ್ತು ಮಹಡಿ ಹತ್ತಿ ಬಂದು ನಮಗೆ ಒಂದು ಕಟ್ಟು ಪುದೀನ ಕೊಟ್ಟ. ‘ತಗೋರಿ’ ಎಂದ ಧಾಟಿಗೆ ಊರು ಕೇಳಿದರೆ ಯಾದಗಿರಿ ಜಿಲ್ಲೆ, ಸುರಪುರದ ಕಡೆಯವನು. ನೀರು ಕೊಟ್ಟರೆ ಬೇಡವೆಂದ, ಇನ್ನೊಂದು ಆರ್ಡರಿನ ಹೊತ್ತು ಓಡುತ್ತಿತ್ತು. ಇಂಥ ಕೆಲಸಗಾರರಿಗಾಗಿ ಕರ್ನಾಟಕ 2025ರಲ್ಲಿ ಕಾಯ್ದೆ ಮಾಡಿದೆ, ಪ್ರತಿ ಕೆಲಸಕ್ಕೆ ಅವರಿಗೆ ಸಂದಾಯವಾಗುವ ಮೊತ್ತದ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕೆಂದು ಅದರಲ್ಲಿದೆ. ರಾಜ್ಯದ ಆರ್ಥಿಕ ಸಮೀಕ್ಷೆಯ ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಜಿಲ್ಲೆ ತುದಿಯಲ್ಲಿಯೂ ನಮ್ಮ ಕಲಬುರಗಿ ಬುಡದಲ್ಲಿಯೂ ಇರುವುದನ್ನು ಓದಿದ್ದೆ. ಅಂದು ಆ ಪಟ್ಟಿಯ ತುದಿಯೂ ನಮ್ಮ ಕಡೆಯ ಬುಡವೂ ಒಂದೇ ಹೊಸ್ತಿಲಿನ ಆಚೆ ಈಚೆ ನಿಂತಿದ್ದವು.

ನಮ್ಮೂರ ಕಿರಾಣಿಯನ್ನು ಹೊಗಳಿ ಇದನ್ನು ಹಳಿಯಲು ನನಗೆ ಮನಸ್ಸಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಎಂಬ ಪ್ರದೇಶದಲ್ಲಿ ನಾವು ಸಾಮಾನು ಕಟ್ಟಿಸುವ ಅಂಗಡಿಯಲ್ಲಿ ಬಿಲ್ಲು ಕೇಳಿದರೆ ಮುಖ ನೋಡುತ್ತಾರೆ, ಹುಳ ಹಿಡಿದ ರವೆ ವಾಪಸು ಮಾಡಲು ಎರಡು ಸಲ ಓಡಾಡಿದ್ದೇನೆ. ಆದರೂ ನನ್ನ ಹೆಂಡತಿ ಕ್ಯಾಲೆಂಡರಿನ ಹಿಂಬದಿಯಲ್ಲಿ ಬರೆದ ಚೀಟಿಯನ್ನು ಆ ಅಂಗಡಿಯವನು ಗಟ್ಟಿಯಾಗಿ ಓದುತ್ತಾನೆ, ನಡುವೆ ನಿಲ್ಲಿಸಿ ‘ಅಮ್ಮಾರ, ಜೀರಗಿ ಹೋದ ತಿಂಗಳ ಪಾವ್ ಕಿಲೋ ಒಯ್ದೀರಲ್ರೀ, ಮುಗೀತೇನ್ರಿ?’ ಎಂದು ಕೇಳುತ್ತಾನೆ. ತನ್ನ ವ್ಯಾಪಾರವನ್ನು ತಾನೇ ತಡೆಯುವ ಈ ಪ್ರಶ್ನೆಯನ್ನು ಆ್ಯಪ್ ಆರು ವಾರದಲ್ಲಿ ಒಮ್ಮೆಯೂ ಕೇಳಲಿಲ್ಲ; ಅದು ಕೇಳಿದ್ದು ‘ಇದನ್ನು ಕೊಂಡವರು ಇದನ್ನೂ ಕೊಂಡಿದ್ದಾರೆ, ನೋಡುವಿರಾ’ ಎಂದು.

ಐದಕ್ಕೆ ಎಷ್ಟು ಎಂದು ಕೇಳಿದರೆ ಸೇವೆಗೆ ನಾಲ್ಕು, ಬೆಲೆ ತೋರಿಸುವ ರೀತಿಗೆ ಎರಡು ಕೊಡುತ್ತೇನೆ. ಮಂಡಿನೋವಿನ ಒಂಟಿ ಹಿರಿಯರಿಗೆ, ಎಳೆಗೂಸು ಇರುವ ಮನೆಗೆ, ನಡುರಾತ್ರಿ ಥರ್ಮಾಮೀಟರ್ ಒಡೆದವರಿಗೆ ಇದಕ್ಕಿಂತ ಉಪಕಾರಿ ಇನ್ನೊಂದಿಲ್ಲ. ಮಗನಿಗೆ ಆ್ಯಪ್ ತೆಗೆದುಹಾಕು ಎಂದು ನಾನು ಹೇಳಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಹಾಳೆ ಅಂಟಿಸಿ, ಬೇಕಾದದ್ದನ್ನು ಅದರಲ್ಲಿ ಬರೆದು ಬುಧವಾರ, ಶನಿವಾರ ಮಾತ್ರ ತರಿಸಿ ನೋಡಿ ಎಂದೆ. ಕೊನೆಯ ವಾರ ಐದು ಆರ್ಡರಿಗೆ ಇಳಿಯಿತು. ಐದರಲ್ಲಿ ಒಂದು ಐಸ್‌ಕ್ರೀಮ್, ಅದನ್ನು ಹಾಳೆಯಲ್ಲಿ ಬರೆದದ್ದು ಮೊಮ್ಮಗ. ಅಕ್ಷರ ತಪ್ಪಿದ್ದರೂ ನಿಯಮ ಪಾಲಿಸಿದ್ದ. ಒಡೆಯದ ಜೀರಿಗೆ ಪೊಟ್ಟಣವನ್ನು ಸೊಸೆ ನನ್ನ ಚೀಲಕ್ಕೆ ಹಾಕಿದಳು. ಅದು ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಕಲಬುರಗಿಗೆ ಬಂದು, ಈಗ ನಮ್ಮ ಡಬ್ಬಿಯಲ್ಲಿದೆ.