157 ಅನ್ನೋ ಎರರ್ ಕೋಡ್ ಬಂತು ಅಂತ ಟ್ರ್ಯಾಕ್ಟರ್ ಡೀಸೆಲ್ ಪಂಪ್ ಬಿಚ್ಚಿಸಬೇಡಿ

50 ಎಚ್‌ಪಿ ಮೇಲಿನ ಹೊಸ ಸಿಆರ್‌ಡಿಐ ಟ್ರ್ಯಾಕ್ಟರ್ (ಇಂಜಿನ್ನಿಗೆ ಡೀಸೆಲ್ ಬಿಡೋದನ್ನ ಕಂಪ್ಯೂಟರ್ ನೋಡಿಕೊಳ್ಳುವಂಥದ್ದು) ಇರುವವರು ಇದನ್ನ ಪೂರ್ತಿ ಓದಿ. ನಾನು 55 ಸಾವಿರ ಕಳೆದುಕೊಂಡೆ. ದುಡ್ಡು ಹೋದದ್ದಕ್ಕಿಂತ ಮೃಗಶಿರಾ ಮಳೆಯ ಹದ ಹೋಯ್ತಲ್ಲ, ಅದು ಇನ್ನೂ ಹೊಟ್ಟೆ ಉರಿಸುತ್ತಿದೆ. ಎಲ್ಲಾ ಒಂದು ಗೇಣು ವೈರ್ ಸಲುವಾಗಿ.

ನಮ್ಮದು ರಾಣೆಬೆನ್ನೂರು ಕಡೆ, ಗೋವಿನಜೋಳದ ಸೀಮೆ. ಮನೆಯಲ್ಲಿ ಎರಡು ಟ್ರ್ಯಾಕ್ಟರ್. ಒಂದು ಹಳೇ 24 ಎಚ್‌ಪಿ ಮಿನಿ, ಅದರಲ್ಲಿ ಕಂಪ್ಯೂಟರೂ ಇಲ್ಲ ಕೋಡೂ ಇಲ್ಲ, ಡೀಸೆಲ್ ಹಾಕಿದರೆ ಓಡುತ್ತದೆ ಅಷ್ಟೇ. ಇನ್ನೊಂದು 52 ಎಚ್‌ಪಿ, 2023ರಲ್ಲಿ ತಗೊಂಡಿದ್ದು. ಆ ವರ್ಷ ಜನವರಿ 1ರಿಂದ 50 ಎಚ್‌ಪಿ ದಾಟಿದ ಹೊಸ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಬಂತು, ಅದರ ಜೊತೆಗೆ ಕಾಮನ್ ರೇಲ್ (ಎಲ್ಲಾ ಇಂಜೆಕ್ಟರಿಗೂ ಭಾರಿ ಪ್ರೆಶರ್‌ನಲ್ಲಿ ಡೀಸೆಲ್ ಕೊಡುವ ಒಂದೇ ಪೈಪು), ಸೆನ್ಸರು, ಇಸಿಯು (ಇಂಜಿನ್ ಕಂಪ್ಯೂಟರ್) ಎಲ್ಲಾ ಬಂದವು. ಕಂಪನಿ ಹೆಸರು ಹೇಳಲ್ಲ, ತಪ್ಪು ಗಾಡಿಯದಲ್ಲ.

ರೋಟಾವೇಟರ್ ಹೊಡೆಯುವಾಗ ಒಂದು ಸಂಜೆ ಇಂಜಿನ್ ದೀಪ ಹತ್ತಿತು. ತಕ್ಷಣ ಪಿಕಪ್ ಬಿತ್ತು, ಎಕ್ಸಿಲೇಟರ್ ಎಷ್ಟು ಒತ್ತಿದರೂ ಆರ್‌ಪಿಎಂ ಮೇಲೆ ಏರಲಿಲ್ಲ. ಆಫ್ ಮಾಡಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿ. ರಸ್ತೆ ಮೇಲೆ ಮನೆ ತನಕ ಚೆನ್ನಾಗೇ ಬಂತು, ಮರುದಿನ ಹೊಲಕ್ಕಿಳಿದು ಹತ್ತು ನಿಮಿಷಕ್ಕೆ ಮತ್ತೆ ಅದೇ ಕಥೆ. ಶೋರೂಮಿಗೆ ಫೋನ್ ಮಾಡಿದೆ, ಬಿತ್ತನೆ ಸೀಸನ್, ಬರೋಕೆ ನಾಲ್ಕು ದಿನ ಆಗುತ್ತೆ ಅಂದರು. ನಾಲ್ಕು ದಿನ ಕಾದರೆ ಹದ ಇರುತ್ತಾ? ಊರ ಹತ್ತಿರದ ಮೆಕ್ಯಾನಿಕ್‌ನ ಕರೆದೆ. ಹಳೇ ಇಂಜಿನ್‌ಗೆ ಒಳ್ಳೇ ಕೈ ಅವನದು, ಸುಳ್ಳು ಹೇಳಬಾರದು. ಈಗೊಂದು ಸ್ಕ್ಯಾನರ್ ಇಟ್ಟುಕೊಂಡಿದ್ದಾನೆ.

ಸ್ಕ್ಯಾನರ್ ಹಚ್ಚಿದ. ಎರಡು ಕೋಡ್ ಬಂದವು, 168 ಮತ್ತು 157. 168 ಅಂದರೆ ಬ್ಯಾಟರಿ ವೋಲ್ಟೇಜ್, ‘ಬ್ಯಾಟರಿ ಡೌನ್ ಆಗೈತ್ರಿ ಅಣ್ಣಾರ’ ಅಂದ. 8 ಸಾವಿರ ಕೊಟ್ಟು ಹೊಸದು ಹಾಕಿಸಿದೆ. ಅದು ಹಳೇ ಕೋಡ್ ಅಂತ ನನಗೆ ಆಮೇಲೆ ಗೊತ್ತಾಗಿದ್ದು. ಬೇಸಿಗೆಯಲ್ಲಿ ಗಾಡಿ ಇಪ್ಪತ್ತು ದಿನ ನಿಂತಾಗ ಬ್ಯಾಟರಿ ಇಳಿದಿತ್ತು, ಬೇರೆ ಗಾಡಿಯಿಂದ ವೈರ್ ಕೊಟ್ಟು ಸ್ಟಾರ್ಟ್ ಮಾಡಿದ್ದೆವು, ಅದು ಇಸಿಯು ನೆನಪಲ್ಲಿ ಉಳಿದಿತ್ತು. ಈಗ ಇರುವ ತೊಂದರೆ ಬೇರೆ, ಹಿಂದೆ ಆಗಿ ಮುಗಿದದ್ದು ಬೇರೆ, ಸ್ಕ್ಯಾನರ್ ಎರಡನ್ನೂ ಬೇರೆ ಬೇರೆಯಾಗೇ ತೋರಿಸುತ್ತದೆ. ನೋಡುವವರು ನೋಡಬೇಕಷ್ಟೇ.

157 ಅಂದರೆ ರೇಲ್ ಪ್ರೆಶರ್. ಸೆನ್ಸರ್ ಬದಲಾಯಿಸಿದ, 6 ಸಾವಿರ. ಕೋಡ್ ಅಳಿಸಿದ, ಹೊಲಕ್ಕೆ ಹೋದೆ, ದೀಪ ಮತ್ತೆ ಹತ್ತಿತು. ‘ಹಂಗಾದ್ರ ಪಂಪ್ ಹೋಗೈತ್ರಿ, ಪ್ರೆಶರ್ ಕಟ್ಟವಲ್ತು’ ಅಂದ. ನಾನೂ ತಲೆ ಆಡಿಸಿದೆ. ಪಂಪ್ ಬಿಚ್ಚಿ ಹುಬ್ಬಳ್ಳಿಗೆ ಒಯ್ದು, ಹಳೇದು ಅಲ್ಲೇ ಕೊಟ್ಟು, ರಿಪೇರಿ ಮಾಡಿಟ್ಟಿದ್ದ ಇನ್ನೊಂದನ್ನ ಎಕ್ಸ್‌ಚೇಂಜ್‌ನಲ್ಲಿ ತಂದೆವು. 36 ಸಾವಿರ. ಕೂಲಿ 5 ಸಾವಿರ ಬೇರೆ. ಇದರಲ್ಲಿ ಆರು ದಿನ ಹೋದವು. ಶೋರೂಮಿನವರು ಬರ್ತೀವಿ ಅಂದಿದ್ದು ನಾಲ್ಕೇ ದಿನಕ್ಕೆ, ನೆನಪಿದೆ ಅಲ್ವಾ?

ಪಂಪ್ ಕೂರಿಸಿದ ಮೇಲೂ ದೀಪ ಹತ್ತಿತು.

ಕಡೆಗೆ ನಮ್ಮ ಮಾವನವರು ಜೆಸಿಬಿ ವೈರಿಂಗ್ ಮಾಡುವ ಒಬ್ಬ ಹಿರಿಯರನ್ನ ಕರೆತಂದರು. ಅವರ ಹತ್ತಿರ ಒಂದು ಮಲ್ಟಿಮೀಟರ್, ಒಂದು ಟೆಸ್ಟ್ ಲ್ಯಾಂಪ್, ಬೇರೇನೂ ಇಲ್ಲ. ಬಂದವರೇ ಕೇಳಿದರು, ‘157 ಮುಂದ ಇನ್ನೊಂದು ನಂಬರ್ ಇತ್ತಲ್ಲ, ಅದೇನು?’ ಯಾರೂ ಬರೆದಿಟ್ಟಿರಲಿಲ್ಲ. ಮೆಕ್ಯಾನಿಕ್ ಪ್ರತಿ ಸಲ ಕೋಡ್ ಅಳಿಸಿಬಿಟ್ಟಿದ್ದ. ನಮ್ಮ ಗಾಡಿಯ ಮೀಟರ್ ಡಿಸ್‌ಪ್ಲೇಯಲ್ಲೇ ಎರಡೂ ನಂಬರ್ ಬರುತ್ತವೆ, ನಾನು ಒಂದು ಫೋಟೋ ಕೂಡ ತೆಗೆದಿರಲಿಲ್ಲ. ಮತ್ತೆ ಓಡಿಸಿ ದೀಪ ಹತ್ತಿಸಿ ನೋಡಿದರೆ 157, ಅದರ ಪಕ್ಕ 3.

ಈ ಎರಡನೇ ನಂಬರೇ ಮುಖ್ಯ ಕಣ್ರೀ. ಮೊದಲನೇದು ಎಸ್‌ಪಿಎನ್, ತೊಂದರೆ ಎಲ್ಲಿ ಅಂತ ಹೇಳುತ್ತದೆ. ಎರಡನೇದು ಎಫ್‌ಎಂಐ, ಏನು ತೊಂದರೆ ಅಂತ ಹೇಳುತ್ತದೆ. 3 ಬಂದರೆ ವೋಲ್ಟೇಜ್ ಜಾಸ್ತಿ, 4 ಬಂದರೆ ವೋಲ್ಟೇಜ್ ಕಮ್ಮಿ, 5 ಬಂದರೆ ಕರೆಂಟ್ ಹರಿಯುತ್ತಿಲ್ಲ, ಅಂದರೆ ಲೈನ್ ಕಟ್. ಈ ಮೂರರಲ್ಲಿ ಯಾವುದು ಬಂದರೂ ಮೊದಲು ವೈರು, ಕನೆಕ್ಟರು, ಅರ್ಥ್ ನೋಡಬೇಕು. ಡೀಸೆಲ್ ಪ್ರೆಶರ್ ನಿಜವಾಗಲೂ ಬಿದ್ದಿದ್ದರೆ 1, 17, 18 ಇಂಥವು ಬರುತ್ತವೆ. ಆಗಲೂ ಸೀದಾ ಪಂಪಿಗೆ ಕೈ ಹಾಕಬಾರದು. ಫಿಲ್ಟರ್ ಕಟ್ಟಿದೆಯಾ, ಡೀಸೆಲ್‌ನಲ್ಲಿ ನೀರಿದೆಯಾ, ಪೈಪಲ್ಲಿ ಗಾಳಿ ಎಳೆಯುತ್ತಿದೆಯಾ ನೋಡಿಕೊಳ್ಳಬೇಕು.

ಆಮೇಲೆ ಅವರು ಇನ್ನೊಂದು ಕೇಳಿದರು. ‘ಮುಂಜಾನೆ ಸ್ಟಾರ್ಟಿಂಗ್ ಹೆಂಗೈತಿ?’ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತೆ ಅಂದೆ. ‘ಪಂಪ್ ಹೋಗಿದ್ರ ಇಷ್ಟು ಚಂದ ಸ್ಟಾರ್ಟ್ ಆಗ್ತಿತ್ತೇನು?’ ಅಂದರು. ನನ್ನ ಮುಖ ನೋಡಬೇಕಿತ್ತು.

ರೇಲ್ ಸೆನ್ಸರಿಗೆ ಮೂರು ವೈರು. ಒಂದು 5 ವೋಲ್ಟ್, ಒಂದು ಅರ್ಥ್, ಒಂದು ಸಿಗ್ನಲ್. ಕೀ ಆನ್ ಮಾಡಿ ಅಳೆದರು. 5 ವೋಲ್ಟ್ ಸರಿಯಾಗಿ ಬರುತ್ತಿತ್ತು. ಅರ್ಥ್ ಮಾತ್ರ ವೈರಿಂಗ್ ಅಲ್ಲಾಡಿಸಿದಾಗ ಬರೋದು, ಹೋಗೋದು. ಅರ್ಥ್ ಕಟ್ ಆದರೆ ಸಿಗ್ನಲ್ ಹೆಚ್ಚುಕಮ್ಮಿ 5 ವೋಲ್ಟಿಗೆ ಏರಿಬಿಡುತ್ತದೆ. ಇಸಿಯು ಅದನ್ನ ನಂಬದೆ 3 ಅಂತ ಬರೆದುಕೊಂಡು ಪವರ್ ಇಳಿಸುತ್ತದೆ. ಹೊಸ ಸೆನ್ಸರ್ ಹಾಕಿದರೂ, ಹೊಸ ಪಂಪ್ ಹಾಕಿದರೂ ಅದಕ್ಕೇನು? ವೈರ್ ಹಿಡಿದು ಹೋದರೆ ಏರ್ ಕ್ಲೀನರ್ ಹಿಂದೆ ಇಲಿ ಕಡಿದಿತ್ತು. ಪಕ್ಕದಲ್ಲೇ ಗೂಡಿಗೆ ತಂದ ಸೊಪ್ಪೆ ಚೂರು. ಶೆಡ್ಡಿನ ಮಗ್ಗುಲಲ್ಲೇ ನಮ್ಮ ಬಣವೆ, ಇಲಿಗೆ ಮಾವನ ಮನೆ ಇದ್ದ ಹಾಗೆ. ಅರ್ಥ್ ವೈರ್ ಬರೀ ಎರಡು ಎಳೆಯಲ್ಲಿ ಹಿಡಿದುಕೊಂಡಿತ್ತು, ರೋಟಾವೇಟರ್ ಅದುರಿಗೆ ಬಿಟ್ಟು ಬಿಟ್ಟು ಸೇರುತ್ತಿತ್ತು. ಬೆಸುಗೆ ಹಾಕಿ, ಸ್ಲೀವ್ ಏರಿಸಿ, ಒಂದು ತಾಸಲ್ಲಿ ಮುಗಿಸಿದರು. 500 ರೂಪಾಯಿ ತಗೊಂಡರು, ಜಾಸ್ತಿ ಕೊಟ್ಟರೂ ಬೇಡ ಅಂದರು.

ಇನ್ನೊಂದು ಮಾತು ಹೇಳದಿದ್ದರೆ ತಪ್ಪಾಗುತ್ತೆ. ಹಳೇ ಇಂಜಿನ್‌ನಲ್ಲಿ ಯಾವ ಸಿಲಿಂಡರ್ ಹೊಡೀತಿಲ್ಲ ಅಂತ ನೋಡೋಕೆ ಇಂಜಿನ್ ಓಡುವಾಗಲೇ ಇಂಜೆಕ್ಟರ್ ಪೈಪಿನ ನಟ್ ಸಡಿಲ ಮಾಡುತ್ತಾರಲ್ಲ, ನಮ್ಮ ಮೆಕ್ಯಾನಿಕ್ ಇದರಲ್ಲೂ ಹಾಗೇ ಸ್ಪ್ಯಾನರ್ ಹಿಡಿದು ಬಂದಿದ್ದ. ಪುಣ್ಯಕ್ಕೆ ನಟ್ ಬಿಗಿ ಇತ್ತು, ಸ್ಪ್ಯಾನರ್ ಜಾರಿತು. ಕಾಮನ್ ರೇಲ್‌ನಲ್ಲಿ ಪ್ರೆಶರ್ ಸಾವಿರ ಬಾರ್ ದಾಟುತ್ತದೆ. ಆ ಡೀಸೆಲ್ ಎಳೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಸೂಜಿ ಚುಚ್ಚಿದಷ್ಟೇ ಕಾಣುತ್ತದೆ, ಆದರೆ ಬೆರಳು, ಕೈ ಕಳೆದುಕೊಳ್ಳುವ ಗಾಯ ಅದು, ಕೂಡಲೇ ಆಸ್ಪತ್ರೆಗೆ ಓಡಬೇಕು. ನಿಮ್ಮ ಗಾಡಿಗೆ ಯಾರಾದರೂ ಹಾಗೆ ಮಾಡೋಕೆ ಬಂದರೆ ಕೈ ಹಿಡಿದು ನಿಲ್ಲಿಸಿ.

ವಾರಂಟಿ ಇನ್ನೂ ಇತ್ತು. ಹೊರಗೆ ಪಂಪ್ ಬಿಚ್ಚಿಸಿದ್ದಕ್ಕೆ ಪಂಪಿನ ಕ್ಲೇಮ್ ಇನ್ನು ಸಿಗಲ್ಲ ಅಂತ ಶೋರೂಮಿನವರು ಹೇಳಿದರು. ನನ್ನ ಪಂಪೇ ವಾಪಸ್ ತರೋಣ ಅಂತ ಹೋದ ವಾರ ಹುಬ್ಬಳ್ಳಿಗೆ ಹೋದೆ. ಅದು ಆಗಲೇ ಯಾರದೋ ಟ್ರ್ಯಾಕ್ಟರ್‌ಗೆ ಹೋಗಿತ್ತು. ಚೆನ್ನಾಗಿ ಓಡುತ್ತಿದೆಯಂತೆ.